ಅಟ್ಟದ ಮೇಲಿನ ಆಸ್ತಿ

ಹಬ್ಬ ಹತ್ತಿರವಾಯಿತೆಂದರೆ ತುಮಕೂರಿನ ಹಳೆಯ ಮನೆಗಳಲ್ಲಿ ಅಟ್ಟಕ್ಕೆ ಏಣಿ ಇಡುವ ಸಡಗರ ಮೊದಲಾಗುತ್ತದೆ. ಕಾಲು ಮುರಿದ ತೊಟ್ಟಿಲು, ತಳ ಒಡೆದ ಕೊಳಗ, ಇಲಿ ಕಡಿದ ಪಂಚಾಂಗ ಎಲ್ಲವೂ ಒಂದೊಂದಾಗಿ ಕೆಳಗಿಳಿಯುತ್ತವೆ. ಕಾಗದವೆಲ್ಲ ಒಂದು ಗಂಟಾಗಿ ಹಳೆಯ ಪೇಪರು ಕೊಳ್ಳುವವನ ತಕ್ಕಡಿಯನ್ನೇರುತ್ತದೆ. ಆ ಗಂಟಿನಲ್ಲಿ ಬಣ್ಣಗೆಟ್ಟ ನಾಟಕದ ಕರಪತ್ರವೊಂದು ಇದ್ದಿತೆಂದು ಇಟ್ಟುಕೊಳ್ಳಬಹುದು. ತಕ್ಕಡಿಯಲ್ಲಿ ಅದಕ್ಕೆ ತೂಕವಿಲ್ಲ. ಆದರೆ ಕನ್ನಡ ರಂಗಭೂಮಿಯ ಚರಿತ್ರೆ ಬರೆಯುವವನ ಪಾಲಿಗೆ ಅದರ ಬೆಲೆಯೇ ಬೇರೆ.

ಏಕೆಂದರೆ ಅದು ಗುಬ್ಬಿ ಕಂಪನಿಯ ಕರಪತ್ರವಾಗಿರಬಹುದು. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಕಂಪನಿಗೆ ಬಾಲಕನಾಗಿ ಸೇರಿದ ವೀರಣ್ಣನವರು ಮುಂದೆ ಅದರ ಒಡೆಯರೇ ಆದರು. ‘ಕುರುಕ್ಷೇತ್ರ’ ನಾಟಕಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗದ ಮೇಲೆ ತಂದ ಧೀಮಂತರು ಅವರು. ರಾಜಕುಮಾರ್, ನರಸಿಂಹರಾಜು, ಜಿ. ವಿ. ಅಯ್ಯರ್, ಬಿ. ವಿ. ಕಾರಂತ ಮೊದಲಾದವರು ಆ ಕಂಪನಿಯ ಅನ್ನ ಉಂಡು ಬೆಳೆದವರು. 1972ರಲ್ಲಿ ವೀರಣ್ಣನವರು ಕಾಲವಾದರು. ತುಮಕೂರಿನ ಕಲಾಕ್ಷೇತ್ರ ಅವರ ಹೆಸರನ್ನು ಹೊತ್ತು ನಿಂತಿದೆ. ಆದರೆ ಊರೂರು ತಿರುಗಿದ ಕಂಪನಿಯ ಚರಿತ್ರೆ ಒಂದೇ ಕಟ್ಟಡದಲ್ಲಿ ದೊರೆಯುವುದೆಂತು? ಕಂಪನಿ ಮೊಕ್ಕಾಂ ಮಾಡಿದ ಊರುಗಳ ಮನೆಮನೆಗಳಲ್ಲಿ ಅದು ಚೆದುರಿಹೋಗಿದೆ. ಕರಪತ್ರವಾಗಿ, ಹಾಡಿನ ಪುಸ್ತಕವಾಗಿ, ಗೋಡೆಯ ಮೇಲಿನ ಭಾವಚಿತ್ರವಾಗಿ, ಎಲ್ಲಕ್ಕಿಂತ ಹೆಚ್ಚಾಗಿ ಹಿರಿಯರ ನೆನಪಾಗಿ ಅದು ಉಳಿದಿದೆ.

ಕಾಪಾಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಿದರ್ಶನ ದೂರವಿಲ್ಲ. ಕನ್ನಡದ ಮೊದಲ ವಾಕ್‌ಚಿತ್ರ ‘ಸತಿ ಸುಲೋಚನ’ ತೆರೆ ಕಂಡದ್ದು 1934ರಲ್ಲಿ. ಅದರ ಒಂದು ಪ್ರತಿಯೂ ಇಂದು ಉಳಿದಿಲ್ಲ. ಅಂದು ಸಾವಿರಾರು ಜನ ಕಂಡ ಚಿತ್ರವನ್ನು ಇಂದು ಹೆಸರಿನಿಂದಲೂ ಕೆಲವು ಭಾವಚಿತ್ರಗಳಿಂದಲೂ ಊಹಿಸಿಕೊಳ್ಳಬೇಕಾಗಿದೆ.

ಇಂತಹ ವಸ್ತುಗಳನ್ನು ಸರ್ಕಾರವೋ ವಿಶ್ವವಿದ್ಯಾನಿಲಯವೋ ಕಾಪಾಡಬೇಕು, ಗೃಹಸ್ಥರಿಗೇಕೆ ಈ ಗೊಡವೆ ಎನ್ನುವವರುಂಟು. ಆದರೆ ಕನ್ನಡ ನಾಡಿನ ದೊಡ್ಡ ಸಂಗ್ರಹಗಳು ಬಹುಜನರ ಕೈಯಿಂದಲೇ ಬೆಳೆದುವು. ಕುಣಿಗಲ್ ಕೆರೆಯನ್ನು ಹಾಡಿ ಹೊಗಳುವ ಜನಪದ ಗೀತೆಯನ್ನು ಅರಿಯದ ಕನ್ನಡಿಗರು ವಿರಳ. ಅದನ್ನು ಕಟ್ಟಿದ ಕವಿ ಯಾರೆಂದು ಹೇಳಬಲ್ಲವರು ಯಾರೂ ಇಲ್ಲ. ಬಾಯಿಂದ ಬಾಯಿಗೆ ಸಾಗಿಸಿದ ಹೆಸರಿಲ್ಲದ ಹಾಡುಗಾರರೂ, ಕೇಳಿ ಬರೆದುಕೊಂಡವರೂ ಸೇರಿ ಅದನ್ನು ಉಳಿಸಿದರು.

ಅದೇ ಕುಣಿಗಲ್ ತಾಲ್ಲೂಕಿನ ಎಡೆಯೂರಿನಲ್ಲಿ ತೋಂಟದ ಸಿದ್ಧಲಿಂಗ ಯತಿಗಳ ಗದ್ದುಗೆಯುಂಟು. ಅವರ ಶಿಷ್ಯಪರಂಪರೆಯವರು ವಚನಗಳನ್ನು ಕೂಡಿಸುವ ಕಾರ್ಯದಲ್ಲಿ ದುಡಿದರು. ‘ಶೂನ್ಯಸಂಪಾದನೆ’ಯ ಕೊನೆಯ ಪರಿಷ್ಕರಣ ಗೂಳೂರು ಸಿದ್ಧವೀರಣ್ಣೊಡೆಯರದು. ಬಳಿಕ ಶತಮಾನಗಳ ಕಾಲ ಆ ತಾಳೆಗರಿಗಳನ್ನು ಕಾದವರು ಮಠಗಳವರು ಮತ್ತು ಸಾಮಾನ್ಯ ಗೃಹಸ್ಥರು. ವಿಜಾಪುರದ ಫ. ಗು. ಹಳಕಟ್ಟಿಯವರು ಅಂತಹ ಮನೆಗಳ ಬಾಗಿಲು ತಟ್ಟಿ ಗರಿಗಳನ್ನು ಸಂಗ್ರಹಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಬೆಳಕಿಗೆ ತಂದರು. ಅಂದು ಗರಿಯ ಕಟ್ಟನ್ನು ಒಲೆಗೆ ಹಾಕದೆ ಗೂಡಿನಲ್ಲಿಟ್ಟ ಗೃಹಿಣಿಯರ ಹೆಸರು ಯಾವ ಗ್ರಂಥದಲ್ಲಿಯೂ ಇಲ್ಲ. ಆದರೂ ಇಂದು ‘ವಚನ ಸಂಚಯ’ದ ಮೂಲಕ ಇಪ್ಪತ್ತು ಸಾವಿರಕ್ಕೂ ಮಿಕ್ಕ ವಚನಗಳನ್ನು ಯಾರು ಬೇಕಾದರೂ ಅಂಗೈಯ ದೂರವಾಣಿಯಲ್ಲೇ ಹುಡುಕಿ ಓದಬಹುದಾದರೆ, ಆ ಪುಣ್ಯದಲ್ಲಿ ಅವರಿಗೂ ಪಾಲುಂಟು.

ಕಲ್ಲಿನ ವಿಷಯದಲ್ಲಿಯೂ ಹೀಗೆಯೇ. ತುಮಕೂರು ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸ್ ಅವರು ‘ಎಪಿಗ್ರಾಫಿಯ ಕರ್ನಾಟಿಕ’ದ 12ನೆಯ ಸಂಪುಟವಾಗಿ 1904ರಲ್ಲಿ ಪ್ರಕಟಿಸಿದರು. ಪುಸ್ತಕ ಅಚ್ಚಾದ ಮಾತ್ರಕ್ಕೆ ಕಲ್ಲಿಗೆ ರಕ್ಷಣೆ ದೊರೆಯುವುದಿಲ್ಲ. ಬೆಂಗಳೂರಿನಲ್ಲಿ ಕೆಲವು ಆಸಕ್ತ ನಾಗರಿಕರು ಹಳೆಯ ಸಂಪುಟಗಳನ್ನು ಕೈಯಲ್ಲಿ ಹಿಡಿದು ಹುಡುಕಹೊರಟಾಗ ಎಷ್ಟೋ ಶಾಸನಗಳು ಕಾಣೆಯಾಗಿದ್ದುವು. ಆದರೆ ಹುಡುಕಾಟ ವ್ಯರ್ಥವಾಗಲಿಲ್ಲ. ಸುಮಾರು 750ರ ಕಾಲದ ಕಿತ್ತಯ್ಯನ ವೀರಗಲ್ಲು ಹೆಬ್ಬಾಳದಲ್ಲಿ ಬೆಳಕಿಗೆ ಬಂದು, ಸ್ಥಳೀಯರ ನೆರವಿನಿಂದ ಮಂಟಪದ ನೆರಳು ಕಂಡಿತು. 2021ರಿಂದ ಮಿಥಿಕ್ ಸೊಸೈಟಿ ಶಾಸನಗಳ ಮೂರು ಆಯಾಮದ ಪ್ರತಿಗಳನ್ನು ತೆಗೆಯುವ ಕಾರ್ಯ ಕೈಗೊಂಡಿತು. ತಜ್ಞರು ಅಕ್ಷರವನ್ನು ಓದಬಲ್ಲರು. ಕಲ್ಲು ಯಾರ ಹಿತ್ತಿಲಲ್ಲಿದೆ ಎಂಬುದನ್ನು ಬಲ್ಲವರು ಊರಿನವರೇ.

ಹಾಗೆಂದು ವಸ್ತುಗಳನ್ನು ಒಂದೆಡೆ ಗುಡ್ಡೆ ಹಾಕಿದರೆ ಸಂಗ್ರಹವಾಗದು. ಕರಪತ್ರದಲ್ಲಿ ವಾರವಿರುತ್ತದೆ, ವರ್ಷವಿಲ್ಲದಿರಬಹುದು. ಮೊಮ್ಮಗ ಕೇಳುತ್ತಾನೆ: “ಅಜ್ಜಿ, ಇದು ಯಾವ ವರ್ಷದ್ದು?”

“ವರ್ಷ ಯಾರಿಗೆ ನೆನಪಿದೆಯಪ್ಪ? ನಿಮ್ಮ ದೊಡ್ಡಪ್ಪ ಆಗ ತೊಟ್ಟಿಲಲ್ಲಿದ್ದ. ಅವನನ್ನು ಅತ್ತೆಯವರ ಹತ್ತಿರ ಬಿಟ್ಟು ನಾಟಕಕ್ಕೆ ಹೋಗಿದ್ದೆ.”

ದೊಡ್ಡಪ್ಪ ಹುಟ್ಟಿದ ವರ್ಷ ಮನೆಯವರಿಗೆ ತಿಳಿದೇ ಇದೆ. ಯಾವ ವಿದ್ವಾಂಸನಿಗೂ ದೊರೆಯದ ಕಾಲನಿರ್ಣಯ ಅಜ್ಜಿಯ ಒಂದು ಮಾತಿನಲ್ಲಿ ದೊರೆಯಿತು! ಆ ಮಾತನ್ನು ಬರೆದಿಟ್ಟರೆ ಕರಪತ್ರ ದಾಖಲೆಯಾಗುತ್ತದೆ. ಇಲ್ಲವಾದರೆ ಬರಿಯ ಕಾಗದ. ಪಕ್ಕದ ಮನೆಯ ತಾತ ಬೇರೆ ವರ್ಷ ಹೇಳಿದರೆ ಜಗಳ ಬೇಡ. ಇಬ್ಬರ ಮಾತನ್ನೂ ಅವರವರ ಹೆಸರಿನೊಡನೆ ಬರೆದಿಡಬೇಕು. ತೂಗಿ ನೋಡುವ ಹೊಣೆ ತಿಳಿದವರದು.

ಇನ್ನು, ಕೊಡುವವರ ಅಂಜಿಕೆಯನ್ನು ಅಲ್ಲಗಳೆಯುವಂತಿಲ್ಲ. ನೋಡಿ ಹಿಂದಿರುಗಿಸುವೆವೆಂದು ಒಯ್ದ ಭಾವಚಿತ್ರ ಮರಳಿ ಬಾರದ ಕಥೆ ಹಲವು ಮನೆಗಳಲ್ಲಿ ಉಂಟು. ಸಂಗ್ರಹಿಸುವವರು ರಸೀದಿ ಕೊಡಬೇಕು, ಕೊಟ್ಟವರ ಹೆಸರನ್ನು ವಸ್ತುವಿನ ಜೊತೆಗೇ ದಾಖಲಿಸಬೇಕು, ಹೇಳಿದ ದಿನಕ್ಕೆ ಹಿಂದಿರುಗಿಸಬೇಕು. ಈಗಂತೂ ಮೂಲವನ್ನು ಮನೆಯಲ್ಲಿಯೇ ಉಳಿಸಿಕೊಂಡು ಪ್ರತಿಯನ್ನು ಮಾತ್ರ ಕೊಡುವ ಅನುಕೂಲವಿದೆ. ಜನರ ನಂಬಿಕೆ ಒಮ್ಮೆ ಕೆಟ್ಟಿತೆಂದರೆ ಯಾವ ಮನೆಯ ಪೆಟ್ಟಿಗೆಯೂ ತೆರೆಯದು.

ಗೃಹಸ್ಥರು ಮಾಡಬೇಕಾದುದು ಬಹಳವೇನಿಲ್ಲ. ಭಾವಚಿತ್ರದ ಬೆನ್ನಿಗೆ ಮೆಲ್ಲನೆ ಪೆನ್ಸಿಲಿನಿಂದ ಹೆಸರು, ಊರು, ವರ್ಷ ಬರೆಯುವುದು. ಹಳೆಯ ಕಾಗದಕ್ಕೆ ಅಂಟುಪಟ್ಟಿ ಹಚ್ಚದಿರುವುದು, ಪ್ಲಾಸ್ಟಿಕ್ಕಿನಲ್ಲಿ ಬೆಸೆಯದಿರುವುದು. ಹಿರಿಯರು ಹೇಳುವುದನ್ನು ಅವರ ಮಾತಿನಲ್ಲೇ ಧ್ವನಿಮುದ್ರಿಸಿಕೊಳ್ಳುವುದು. ಅಟ್ಟದ ಗಂಟನ್ನು ತಕ್ಕಡಿಗಿಡುವ ಮುನ್ನ ಒಮ್ಮೆ ಬಿಚ್ಚಿ, ಅಜ್ಜಿಯ ಮುಂದೆ ಹರವುವುದು.

ಕರಪತ್ರ ಮುಂದಿನ ಹಬ್ಬದವರೆಗೂ ಅಟ್ಟದ ಮೇಲೆ ಕಾದಿರಬಲ್ಲದು. ಅದನ್ನು ಕಂಡು, “ನಿಮ್ಮ ದೊಡ್ಡಪ್ಪ ಆಗ ತೊಟ್ಟಿಲಲ್ಲಿದ್ದ” ಎನ್ನಬಲ್ಲವರು ಅಲ್ಲಿಯವರೆಗೆ ಇರುವರೆಂದು ಹೇಳಬಲ್ಲವರಾರು?