ರಾತ್ರಿ ಬಿದ್ರ ಎತ್ತೋರು ಯಾರು?



ನಮ್ಮ ಕಲಬುರಗಿ ಕಡೆ ಏಪ್ರಿಲ್, ಮೇ ಬಂದ್ರ ಸರ್ಕಾರಿ ಕಚೇರಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರ ತನಕ. ಬಿಸಿಲಿಗೆ ನೌಕರರಿಗೆ ತ್ರಾಸ ಆಗಬಾರದು ಅಂತ. ಒಳ್ಳೇದೇ. ಆದರ ಕೇರಿಯ ತಗಡಿನ ಮನ್ಯಾಗ ಒಬ್ಬಾಕಿನೇ ಇರೋ ಆಯಿಗೆ ಯಾವ ಟೈಮು?

ಆಳಂದ, ಅಫಜಲಪುರ, ಜೇವರ್ಗಿ ಕೇರಿಗಳಿಗೆ ಹೋಗಿ ನೋಡ್ರಿ. ಮಕ್ಕಳು ಪುಣೆ, ಮುಂಬೈ, ಬೆಂಗಳೂರಿಗೆ ದುಡಿಲಾಕ ಹೋಗ್ಯಾರ. ಅವರನ್ನು ಬೈಬ್ಯಾಡ್ರಿ. ಹೊಲ ಇಲ್ಲದವರು ಊರಲ್ಲಿ ಏನು ತಿನ್ನಬೇಕು? ನಾನೂ ಅವ್ವನ್ನ ಊರಾಗ ಬಿಟ್ಟು ಗುಮಾಸ್ತಿಕೆಗೆ ಬಂದವನೇ. ಹೋದ ವರ್ಷ ರಾತ್ರಿ ಬಚ್ಚಲದಾಗ ಬಿದ್ದಾಕಿ, ಬೆಳಿಗ್ಗೆ ಬಾಜೂ ಮನಿ ಹುಡುಗಿ ಬರೋತನಕ ಅಲ್ಲೇ ಇದ್ದಳು. ಬಿ.ಪಿ. ಗುಳಿಗಿ ಮುಗಿದು ವಾರ ಆಗಿತ್ತು. ಫೋನಿನಾಗ ಮಾತ್ರ "ಆರಾಮದೀನಪ್ಪ" ಅಂದಿದ್ದಳು.

ಆಶಾ ಕಾರ್ಯಕರ್ತೆಯರು ತುಂಬೋ ಫಾರಂನಲ್ಲಿ ವಯಸ್ಸು, ತಂಬಾಕು, ಸೊಂಟದ ಸುತ್ತಳತೆಗೆ ಅಂಕ ಇದೆ. 4 ದಾಟಿದ್ರ ತಪಾಸಣೆಗೆ ಆದ್ಯತೆ. ಬಿದ್ರ ಎತ್ತೋರು ಯಾರು ಅನ್ನೋದಕ್ಕ ಅಂಕ ಇಲ್ಲ. ಅದೇ ಮೊದಲ ಪ್ರಶ್ನೆ ಆಗಬೇಕು.

ಮನೆಬಾಗಿಲಿಗೆ ತಪಾಸಣೆ, ಗುಳಿಗಿ ತರುವ 'ಗೃಹ ಆರೋಗ್ಯ' 2024ರಲ್ಲಿ ಕೋಲಾರದಾಗ ಶುರುವಾಯ್ತು. ಅದು ಕೇರಿಯ ಬಾಗಿಲೂ ಬಡೀಬೇಕು.

ಈ ವಾರ ಒಂದು ಕೆಲಸ ಮಾಡ್ರಿ. ನಿಮ್ಮ ಕೇರಿಯಾಗ ಒಂಟಿಯಾಗಿರೋ ಮುದುಕ-ಮುದುಕಿಯರ ಪಟ್ಟಿ ಬರೀರಿ: ಹೆಸರು, ಗುಳಿಗಿ, ಮಕ್ಕಳ ಫೋನ್. ಅವರನ್ನ ಕೇಳಿ, ಒಪ್ಪಿದ ಮ್ಯಾಲೆ ಪಂಚಾಯ್ತಿಗೆ ಕೊಟ್ಟು ಸ್ವೀಕೃತಿ ಸೀಲು ಹಾಕಿಸ್ಕೋರಿ. ಕಾಗದದ ಮ್ಯಾಲೆ ಇಲ್ಲದ ಜೀವ ಕಚೇರಿಗೆ ಕಾಣಲ್ಲ. ಗುಮಾಸ್ತ ಆಗಿ ಇದು ನನಗ ಗೊತ್ತು.