ಚಿಕ್ಕ ತಟ್ಟೆಗಳ ಔತಣ

ವರ್ಷಾಂತ್ಯ ಸಮೀಪಿಸಿದಂತೆ ಮುಂಬಯಿಯ ದೊಡ್ಡ ಹೋಟೆಲುಗಳಲ್ಲಿ ಚಿಕ್ಕ ತಟ್ಟೆಗಳ ಔತಣ ಏರ್ಪಡುವುದು ಈಚಿನ ರೂಢಿ. ಎರಡು ತುತ್ತಿನ ತಿನಿಸು, ಅದಕ್ಕೊಪ್ಪುವ ವೈನ್; ತಿನಿಸು ಬದಲಾದೊಡನೆ ಗ್ಲಾಸೂ ಬದಲು. ದ್ರಾಕ್ಷಿ ಬೆಳೆಗಾರರ ಹಿತಕ್ಕೆಂದು ಮಹಾರಾಷ್ಟ್ರವು 2001ರಲ್ಲಿ, ಕರ್ನಾಟಕವು 2007ರಲ್ಲಿ ವೈನ್ ಉದ್ಯಮಕ್ಕೆ ಪ್ರೋತ್ಸಾಹ ನೀತಿಯನ್ನೇ ರೂಪಿಸಿದವು. ಕುಡಿತದ ಗುಣದೋಷ ಇಂದು ನಮ್ಮ ವಿಷಯವಲ್ಲ. ತಿಂಡಿಯ ಚಿಕ್ಕ ತಟ್ಟೆಯಂತೂ ಉಡುಪಿ ಹೋಟೆಲಿನಲ್ಲಿ ಪಳಗಿದ ನಮ್ಮವರಿಗೆ ಹೊಸತಲ್ಲ.

ನಾವು ಎತ್ತುವುದು ಬಡಿಸುವವರ ಮಾತು. 40 ಅತಿಥಿಗಳಿಗೆ 6 ಬಗೆಯೆಂದರೆ 240 ತಟ್ಟೆ, ಅಷ್ಟೇ ಗ್ಲಾಸು. ಮೇಜಿನ ಮೇಲೆ ಕಿರಿದಾಗಿ ಕಾಣುವ ತಟ್ಟೆ ತೊಳೆಯುವವನ ಕೈಗೆ ಕಿರಿದಲ್ಲ. ಅವಧಿ ಮೀರಿದ ದುಡಿಮೆಗೆ ಇಮ್ಮಡಿ ವೇತನ ಸಲ್ಲಬೇಕೆಂದು ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆ ವಿಧಿಸಿದೆ. ಆ ಗಂಟೆಗಳು ಹಾಜರಿ ಪುಸ್ತಕವನ್ನೇ ಸೇರದಿದ್ದರೆ ಕಾಯಿದೆ ಏನು ಮಾಡೀತು? ಅತಿಥಿ ಕೊಟ್ಟ ಬಕ್ಷೀಸು ವೇತನವಲ್ಲ. ಕೊನೆಯ ಲೋಕಲ್ ಹೊರಟುಹೋದ ಮೇಲೆ ವಸಯಿ, ಡೊಂಬಿವಲಿಯ ಕೆಲಸಗಾರರು ಮನೆ ಸೇರುವ ಏರ್ಪಾಡನ್ನೂ ಮಾಲಕರು ಔತಣದ ವೆಚ್ಚದಲ್ಲಿ ಸೇರಿಸತಕ್ಕದ್ದು. ನಮ್ಮ ಹೋಟೆಲು ಬಂಧುಗಳು ಈ ಎರಡನ್ನೂ ಔತಣಕ್ಕೆ ಮುನ್ನವೇ ಕೇಳಿ ತಿಳಿದುಕೊಳ್ಳಲಿ. ಲೆಕ್ಕ ಬರೆಯುವ ಗುಮಾಸ್ತ ಮಿತ್ರರು ಆ ರಾತ್ರಿಯ ಗಂಟೆಗಳನ್ನು ಅಂದೇ ದಾಖಲಿಸಲಿ.