ಹದಿನೈದು ವರ್ಷ ಪೂರೈಸಿದ ಕಾರುಗಳ ನೋಂದಣಿ ನವೀಕರಣ ಮತ್ತು ಟೈಮಿಂಗ್ ಚೈನ್: ಒಂದು ವಿಶ್ಲೇಷಣೆ

ಮೋಟಾರು ವಾಹನ ಕಾಯ್ದೆ, 1988ರ ಕಲಂ 41ರ ಅನ್ವಯ ಸ್ವಂತ ಬಳಕೆಯ ಕಾರಿನ ನೋಂದಣಿ ಪ್ರಮಾಣ ಪತ್ರವು 15 ವರ್ಷಗಳವರೆಗೆ ಸಿಂಧುವಾಗಿರುತ್ತದೆ. ತದನಂತರ ನಮೂನೆ 25ರಲ್ಲಿ ಅರ್ಜಿ ಸಲ್ಲಿಸಿ, ವಾಹನವನ್ನು ತಪಾಸಣೆಗೆ ಹಾಜರುಪಡಿಸಿ, 5 ವರ್ಷಗಳ ಅವಧಿಗೆ ನವೀಕರಿಸಿಕೊಳ್ಳಬೇಕಾಗುತ್ತದೆ. ಕಾರಿನ ನವೀಕರಣ ಶುಲ್ಕವು 2022ರ ಏಪ್ರಿಲ್ 1ರಿಂದ ರೂ. 600ರ ಬದಲಿಗೆ ರೂ. 5,000 ಆಗಿದೆ. 2025ರ ಆಗಸ್ಟ್ ತಿಂಗಳ ತಿದ್ದುಪಡಿಯಂತೆ 20 ವರ್ಷ ಮೀರಿದ ಕಾರುಗಳಿಗೆ ಈ ಶುಲ್ಕ ರೂ. 10,000. ಇಷ್ಟು ಹಣ ಪಾವತಿಸಿದ ಅರ್ಜಿದಾರರು, ತಪಾಸಣೆಯಲ್ಲಿ ಉತ್ತೀರ್ಣವಾದ ವಾಹನಕ್ಕೆ ಇನ್ನು 5 ವರ್ಷ ಚಿಂತೆಯಿಲ್ಲವೆಂದು ಭಾವಿಸುವುದು ಸಹಜ. ಈ ಭಾವನೆಯು ಭಾಗಶಃ ಮಾತ್ರ ಸರಿ ಎಂಬುದನ್ನು ಸಾರ್ವಜನಿಕರ ಗಮನಕ್ಕೆ ತರುವುದು ಈ ಬರಹದ ಉದ್ದೇಶವಾಗಿದೆ.

ತಪಾಸಣೆಯಲ್ಲಿ ಬ್ರೇಕು, ಸ್ಟೇರಿಂಗ್, ದೀಪಗಳು, ಹಾರನ್, ವೈಪರ್, ಹೊಗೆಯ ಪ್ರಮಾಣ ಮುಂತಾದವನ್ನು ನೋಡಲಾಗುತ್ತದೆ. ಎಂಜಿನ್ ಮತ್ತು ಚಾಸಿ ಸಂಖ್ಯೆಗಳನ್ನು ದಾಖಲೆಯೊಂದಿಗೆ ತಾಳೆ ನೋಡಲಾಗುತ್ತದೆ. ಎಂಜಿನ್ನಿನ ಒಳಭಾಗವನ್ನು ಬಿಚ್ಚಿ ನೋಡುವುದಿಲ್ಲ. ಆದುದರಿಂದ ಕ್ರ್ಯಾಂಕ್‌ಶಾಫ್ಟನ್ನೂ ಕ್ಯಾಮ್‌ಶಾಫ್ಟನ್ನೂ ಜೋಡಿಸುವ ಟೈಮಿಂಗ್ ಚೈನಿನ ಸ್ಥಿತಿಯ ಬಗ್ಗೆ ನವೀಕೃತ ಪ್ರಮಾಣ ಪತ್ರವು ಏನನ್ನೂ ಹೇಳುವುದಿಲ್ಲ.

ಈ ವಿಷಯಕ್ಕೆ ಈಗ ಮಹತ್ವ ಬಂದಿರಲು ಕಾರಣವಿದೆ. ಹಿಂದೆ ನವೀಕರಣಕ್ಕೆ ಬರುತ್ತಿದ್ದ ಮಾರುತಿ 800, ಮೊದಲ ತಲೆಮಾರಿನ ಸ್ಯಾಂಟ್ರೋ ಮುಂತಾದ ಕಾರುಗಳಲ್ಲಿ ಇದ್ದುದು ರಬ್ಬರಿನ ಟೈಮಿಂಗ್ ಬೆಲ್ಟ್. ನಿಗದಿತ ಕಿಲೋಮೀಟರಿಗೆ ಅದನ್ನು ಬದಲಾಯಿಸಬೇಕೆಂಬುದು ಮಾಲೀಕರಿಗೂ ಮೆಕ್ಯಾನಿಕ್‌ಗಳಿಗೂ ತಿಳಿದಿತ್ತು. 2007ರಲ್ಲಿ ಬಂದ ಸ್ವಿಫ್ಟ್ ಡೀಸೆಲ್‌ನ 1.3 ಲೀಟರ್ ಎಂಜಿನ್, ತದನಂತರ ಬಂದ ಮಾರುತಿಯ ಕೆ ಸರಣಿಯ ಪೆಟ್ರೋಲ್ ಎಂಜಿನ್‌ಗಳು, ಐ10ರ 1.2 ಲೀಟರ್ ಕಪ್ಪಾ ಎಂಜಿನ್ ಇವೆಲ್ಲವೂ ಚೈನ್ ಉಳ್ಳವು. 2008ರಿಂದ 2011ರವರೆಗೆ ನೋಂದಣಿಯಾದ ಇಂತಹ ಕಾರುಗಳ 15 ವರ್ಷಗಳ ಅವಧಿಯು 2023ರಿಂದ 2026ರ ನಡುವೆ ಮುಕ್ತಾಯವಾಗುತ್ತದೆ. ಚೈನ್ ಹೊಸ ಸಂಗತಿಯೇನಲ್ಲ. ಅಂಬಾಸಿಡರ್‌ನ ಹಳೆಯ 1489 ಸಿಸಿ ಎಂಜಿನ್ನಿನಲ್ಲಿಯೂ ಚೈನೇ ಇತ್ತು. ಆದರೆ "ಚೈನ್ ಎಂದರೆ ಆಜೀವ, ಮುಟ್ಟಬೇಕಾಗಿಲ್ಲ" ಎಂಬ ಮಾತು ಮಾರಾಟದ ವೇಳೆ ಬಹಳ ಚಲಾವಣೆಗೆ ಬಂದಿತು. ಯಾರ ಆಜೀವ ಎಂಬುದನ್ನು ಯಾರೂ ಸ್ಪಷ್ಟಪಡಿಸಲಿಲ್ಲ.

ಚೈನ್ "ಉದ್ದವಾಗುತ್ತದೆ" ಎಂದು ಹೇಳುವುದು ವಾಡಿಕೆ. ವಾಸ್ತವವಾಗಿ ಲೋಹವು ಹಿಗ್ಗುವುದಿಲ್ಲ. ಕೊಂಡಿಗಳ ಪಿನ್ನುಗಳೂ ಬುಷ್‌ಗಳೂ ಸವೆಯುತ್ತವೆ. ಒಂದೊಂದು ಕೊಂಡಿಯ ಕೂದಲೆಳೆಯಷ್ಟು ಸವೆತವು ಇಡೀ ಚೈನಿನಲ್ಲಿ ಕೂಡಿ ಕೆಲವು ಮಿಲಿಮೀಟರ್ ಆಗುತ್ತದೆ. ಈ ಸಡಿಲವನ್ನು ಟೆನ್ಷನರ್ ಎಂಬ ಭಾಗವು ಎಂಜಿನ್ ಆಯಿಲ್‌ನ ಒತ್ತಡದಿಂದ ಸರಿದೂಗಿಸುತ್ತದೆ. ಅಂದರೆ ಚೈನಿನ ಆಯುಷ್ಯವು ಬಹುಮಟ್ಟಿಗೆ ಆಯಿಲ್‌ನ ಮೇಲೆಯೇ ನಿಂತಿದೆ. ಆಯಿಲ್ ಮಟ್ಟ ಕಡಿಮೆಯಾದರೆ ಟೆನ್ಷನರ್ ದುರ್ಬಲವಾಗುತ್ತದೆ. ಆಯಿಲ್ ಹಳತಾದರೆ, ವಿಶೇಷವಾಗಿ ಡೀಸೆಲ್ ಎಂಜಿನ್‌ಗಳಲ್ಲಿ, ಅದರಲ್ಲಿ ಸೇರಿದ ಮಸಿಯು ಪಿನ್ನುಗಳನ್ನು ಉಜ್ಜುತ್ತದೆ. ಸಕಾಲದಲ್ಲಿ ಆಯಿಲ್ ಬದಲಾಯಿಸಿದ ಎಂಜಿನ್ನಿನಲ್ಲಿ ಚೈನ್ 2 ಲಕ್ಷ ಕಿ.ಮೀ. ದಾಟುವುದು ಅಪರೂಪವಲ್ಲ. ನಿರ್ಲಕ್ಷಿಸಿದಲ್ಲಿ 1 ಲಕ್ಷದ ಆಸುಪಾಸಿನಲ್ಲಿಯೇ ಸದ್ದು ಆರಂಭವಾಗಬಹುದು.

ಕಿಲೋಮೀಟರ್ ಲೆಕ್ಕವೂ ಪೂರ್ಣ ಸತ್ಯವಲ್ಲ. ಗಂಟೆಗೆ ಸರಾಸರಿ 60 ಕಿ.ಮೀ. ವೇಗದಲ್ಲಿ 10,000 ಕಿ.ಮೀ. ಕ್ರಮಿಸಲು ಎಂಜಿನ್ ಸುಮಾರು 167 ಗಂಟೆ ಓಡುತ್ತದೆ. ಬೆಂಗಳೂರಿನ ದಟ್ಟಣೆಯಲ್ಲಿ ಸರಾಸರಿ 20 ಕಿ.ಮೀ. ಎಂದು ಹಿಡಿದರೆ ಅದೇ ದೂರಕ್ಕೆ 500 ಗಂಟೆ ಬೇಕು. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತ ಕಾರಿನ ಮೀಟರು ಏರುವುದಿಲ್ಲ, ಚೈನ್ ಮಾತ್ರ ತಿರುಗುತ್ತಲೇ ಇರುತ್ತದೆ. ಆದ್ದರಿಂದ ಕೇವಲ ನಗರದೊಳಗೆ ಓಡಿದ ಕಾರಿಗೆ, ಕೈಪಿಡಿಯಲ್ಲಿ ನಮೂದಿಸಿದ ಅಂತರಕ್ಕಿಂತ ಮೊದಲೇ ಆಯಿಲ್ ಬದಲಾಯಿಸುವುದು ಲಾಭದಾಯಕವೆಂಬುದು ನಮ್ಮ ಅಭಿಪ್ರಾಯ.

ಬೆಳಿಗ್ಗೆ ತಣ್ಣಗಿನ ಎಂಜಿನ್ ಚಾಲೂ ಮಾಡಿದಾಗ ಕೆಲವು ಸೆಕೆಂಡುಗಳ ಕಾಲ ಕೇಳಿಬರುವ ಗಲಗಲ ಸದ್ದು ಪ್ರಥಮ ಸೂಚನೆ. ಅದು ದಿನದಿಂದ ದಿನಕ್ಕೆ ದೀರ್ಘವಾಗುತ್ತಿದ್ದರೆ ತಡ ಮಾಡಬಾರದು. ಎಂಜಿನ್ ಎಚ್ಚರಿಕೆ ದೀಪ ಉರಿದು, ಸ್ಕ್ಯಾನರ್‌ನಲ್ಲಿ ಪಿ 0016 ಎಂಬ ಸಂಕೇತ ಬಂದಲ್ಲಿ ಎರಡು ಶಾಫ್ಟುಗಳ ಹೊಂದಾಣಿಕೆ ತಪ್ಪಿದೆಯೆಂದು ಅರ್ಥ. ಸೆನ್ಸರ್ ದೋಷವೂ ಇರಬಹುದಾದ ಕಾರಣ ಪರೀಕ್ಷಿಸಿ ದೃಢಪಡಿಸಿಕೊಳ್ಳತಕ್ಕದ್ದು. ಚೈನ್ ಹಲ್ಲು ಜಿಗಿದರೆ ಅಥವಾ ತುಂಡಾದರೆ ಇಂತಹ ಎಂಜಿನ್‌ಗಳಲ್ಲಿ ಪಿಸ್ಟನ್ನುಗಳು ವಾಲ್ವುಗಳಿಗೆ ಬಡಿಯುತ್ತವೆ. ಹೆದ್ದಾರಿಯಲ್ಲಿ ಹೀಗಾದಲ್ಲಿ ಎಂಜಿನ್ ಒಮ್ಮೆಲೇ ನಿಂತು, ಸ್ಟೇರಿಂಗ್ ಬಿಗಿಯಾಗಿ, ಬ್ರೇಕಿನ ನೆರವೂ ಕ್ರಮೇಣ ಕಡಿಮೆಯಾಗುತ್ತದೆ.

ಮುಂದಿನ ತೊಡಕು ಕಚೇರಿಯ ಮೇಜಿಗೆ ಬರುವಂಥದು. ಹೀಗೆ ಹಾಳಾದ ಎಂಜಿನ್ನಿನ ದುರಸ್ತಿ ದುಬಾರಿಯೆಂದು ಕೆಲವು ಗ್ಯಾರೇಜುಗಳು ಗುಜರಿಯಿಂದ ಹಳೆಯ ಎಂಜಿನ್ ತಂದು ಕೂರಿಸುತ್ತವೆ. ಎಂಜಿನ್ ಸಂಖ್ಯೆ ಬದಲಾಗಿರುವುದು ಮಾಲೀಕರಿಗೆ ನೆನಪಾಗುವುದು ನವೀಕರಣ ಅಥವಾ ಮಾಲೀಕತ್ವ ವರ್ಗಾವಣೆಯ ದಿನ, ಅರ್ಜಿ ತಡೆಹಿಡಿಯಲ್ಪಟ್ಟಾಗ. ಕಾಯ್ದೆಯ ಕಲಂ 52ರ ಪ್ರಕಾರ ಇಂತಹ ಬದಲಾವಣೆಯನ್ನು 14 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ವರದಿ ಮಾಡಿ ದಾಖಲಿಸಿಕೊಳ್ಳಬೇಕು. ಎಂಜಿನ್ ತೆಗೆಸುವ ಮೊದಲೇ ಕಚೇರಿಯನ್ನು ಸಂಪರ್ಕಿಸುವುದು ಹಾಗೂ ಹಳೆಯ ಎಂಜಿನ್ನಿನ ಖರೀದಿ ರಸೀದಿಯನ್ನು ಪಡೆಯುವುದು ಕ್ಷೇಮ. ಸಾಮಾನ್ಯ ವಿಮಾ ಪಾಲಿಸಿಯು ಸವೆತ ಮತ್ತು ಯಾಂತ್ರಿಕ ವೈಫಲ್ಯವನ್ನು ಹೊರಗಿಡುವುದರಿಂದ ಅಲ್ಲಿಂದ ಪರಿಹಾರವನ್ನು ನಿರೀಕ್ಷಿಸುವಂತಿಲ್ಲ.

ನವೀಕರಣದ ಅರ್ಜಿಯನ್ನು ಅವಧಿ ಮುಗಿಯುವ 60 ದಿನಗಳ ಮುಂಚಿನಿಂದ ಸಲ್ಲಿಸಬಹುದಾಗಿದೆ. ಸದರಿ ಅವಧಿಯ ಆರಂಭದಲ್ಲಿಯೇ ನಂಬಿಕಸ್ಥ ಗ್ಯಾರೇಜಿನಲ್ಲಿ ಚೈನಿನ ಸದ್ದು, ಟೆನ್ಷನರ್ ಮತ್ತು ಆಯಿಲ್ ಸ್ಥಿತಿಯನ್ನು ಪರೀಕ್ಷಿಸಿ, ಖರ್ಚಿನ ಅಂದಾಜನ್ನು ಲಿಖಿತವಾಗಿ ಪಡೆಯುವಂತೆ ಅರ್ಜಿದಾರರಲ್ಲಿ ಕೋರಲಾಗಿದೆ. ಬದಲಾಯಿಸುವುದಾದರೆ ಚೈನ್, ಗೈಡ್, ಟೆನ್ಷನರ್ ಮೂರನ್ನೂ ಒಟ್ಟಿಗೇ ಬದಲಾಯಿಸಬೇಕು. ಕೂಲಿಯೇ ಅಧಿಕವಾದ ಕೆಲಸದಲ್ಲಿ ಬಿಡಿಭಾಗದ ಉಳಿತಾಯ ಉಳಿತಾಯವಲ್ಲ. ನವೀಕರಣ ಶುಲ್ಕ, ಹಸಿರು ತೆರಿಗೆ, ಚೈನಿನ ವೆಚ್ಚ ಈ ಮೂರನ್ನು ಕೂಡಿ 5 ವರ್ಷಗಳಿಗೆ ಹಂಚಿದಾಗ ಬರುವ ಮೊತ್ತವು ಕಾರಿನ ಇಂದಿನ ಬೆಲೆಗೆ ಹೊಂದದಿದ್ದಲ್ಲಿ, ನೋಂದಾಯಿತ ಗುಜರಿ ಕೇಂದ್ರಕ್ಕೆ ವಾಹನ ಒಪ್ಪಿಸಿ ಠೇವಣಿ ಪ್ರಮಾಣ ಪತ್ರ ಪಡೆಯುವ ಮಾರ್ಗವೂ ಇದೆ. ಹಳೆಯ ಕಾರನ್ನು ಕೊಳ್ಳುವವರು ನಮೂನೆ 29 ಮತ್ತು 30ಕ್ಕೆ ಸಹಿ ಹಾಕುವ ಮುನ್ನ ಆಯಿಲ್ ಬದಲಾಯಿಸಿದ ರಸೀದಿಗಳನ್ನು ಕೇಳಿ ಪಡೆಯತಕ್ಕದ್ದು. ಮಾರುವವರು ಅವನ್ನು ದಿನಾಂಕ ಹಾಗೂ ಕಿಲೋಮೀಟರ್ ಸಹಿತ ಕಾದಿರಿಸಿಕೊಂಡಿರತಕ್ಕದ್ದು.